ಶಾಲಾ ಅನುದಾನನಾ, ಎಮ್ಮೆಲ್ಲೆ ಫಂಡಾ? ಹೊಸ ಎಸ್‌ಡಿಎಂಸಿಯವ್ರಿಗೆ

ಎಸ್‌ಡಿಎಂಸಿಗೆ, ಅಂದ್ರೆ ಸರ್ಕಾರಿ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ, ಹೊಸದಾಗಿ ಬಂದವ್ರು ನಲ್ಲಿ ಸೋರಿದ್ರೂ ಎಮ್ಮೆಲ್ಲೆ ಮನೆಗೆ ಓಡ್ತಾರೆ, ಅದು ಬೇಡ್ರಿ. ಸಮಗ್ರ ಶಿಕ್ಷಣ ಅನ್ನೋ ಸರ್ಕಾರಿ ಯೋಜನೆಯ ಶಾಲಾ ಅನುದಾನ ಮಕ್ಕಳ ಸಂಖ್ಯೆ ನೋಡ್ಕೊಂಡು ಬರತ್ತೆ, ಕೇಂದ್ರದ ಮಾರ್ಗಸೂಚಿ ಪ್ರಕಾರ 30 ಮಕ್ಕಳವರೆಗೆ ವರ್ಷಕ್ಕೆ 10,000, 100ರವರೆಗೆ 25,000, 250ರವರೆಗೆ 50,000. ಕರೆಂಟ್ ಬಿಲ್ಲು, ಆಟದ ಸಾಮಾನು, ಮುರಿದ ಬೆಂಚು, ಸಣ್ಣಪುಟ್ಟ ರಿಪೇರಿಗೆ ಇದೇ ಬೆಸ್ಟು, ಸಭೇಲಿ ಠರಾವು ಮಾಡಿ ಹೆಡ್‌ಮಾಸ್ಟ್ರ ಜೊತೆ ಕೂತು ಖರ್ಚು ಮಾಡ್ಬೋದು, ಆದ್ರೆ ಕನಿಷ್ಠ 10 ಪರ್ಸೆಂಟ್ ಸ್ವಚ್ಛತೆಗೆ ಅಂತ ತೆಗೆದಿಡ್ಲೇಬೇಕು, ಫಿನೈಲು ಪೊರಕೆ ಸೋಪು ಎಲ್ಲ ಅದ್ರಲ್ಲೇ. ಬಿಲ್ಲು ಮಾತ್ರ ಒಂದೂ ಬಿಡದೆ ಫೈಲ್ ಮಾಡಿ, ಆಡಿಟ್‌ನವ್ರು ಬಂದಾಗ ಹುಡುಕೋದು ಕಷ್ಟ.

ಹೊಸ ರೂಮು, ಕಾಂಪೌಂಡು ಅಂದ್ರೆ ಈ ದುಡ್ಡು ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಆಗ ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಕೇಳಿ. ಒಬ್ಬ ಶಾಸಕರಿಗೆ ವರ್ಷಕ್ಕೆ 2 ಕೋಟಿ, ಆದ್ರೆ ಇಡೀ ಕ್ಷೇತ್ರಕ್ಕೆ, ರಸ್ತೆಯವ್ರು ಸಮುದಾಯ ಭವನದವ್ರು ಎಲ್ಲ ಕ್ಯೂನಲ್ಲಿರ್ತಾರೆ. ಶಾಸಕರು ಶಿಫಾರಸು ಮಾಡ್ಬೇಕು, ಎಸ್ಟಿಮೇಟ್ ಆಗ್ಬೇಕು, ಡಿಸಿ ಮಂಜೂರು ಮಾಡ್ಬೇಕು, ದುಡ್ಡು ಶಾಲೆ ಕೈಗೆ ಬರಲ್ಲ, ಕೆಲಸ ಮಾಡೋ ಏಜೆನ್ಸಿಗೆ ಹೋಗತ್ತೆ. ಅರ್ಜಿ ಕೊಡೋ ಮುಂಚೆ ಜಾಗ ಶಾಲೆ ಹೆಸ್ರಲ್ಲಿದ್ಯಾ ನೋಡ್ಕೊಳ್ಳಿ, ದಾನಿಗಳು ಬಾಯಿಮಾತಲ್ಲಿ ಕೊಟ್ಟ ಜಾಗ ಆದ್ರೆ ಫೈಲು ಅಲ್ಲೇ ಕೂರತ್ತೆ.