ದುಕ್ರಾಮಾಸಿಗೆ ಒಗ್ಗುವ ಇಟಲಿಯ ಕೆಂಪು ವೈನ್: ಬಾರ್ಬೆರಾ ದಾಸ್ತಿ

ಮಂಗಳೂರು ಅಡುಗೆಗೂ ಕೆಂಪು ವೈನಿಗೂ ಆಗಿಬರುವುದಿಲ್ಲ ಎನ್ನುವವರು ಕುಡಿದಿರುವುದು ಹೆಚ್ಚಾಗಿ ಒಗರು ತುಂಬಿದ, ಕ್ಯಾಬರ್ನೆ ದ್ರಾಕ್ಷಿಯ ವೈನನ್ನು. ಮೆಣಸಿನ ಖಾರದ ಮೇಲೆ ಆ ಒಗರು ಬಿದ್ದರೆ ನಾಲಗೆ ಒಣಗುತ್ತದೆ, ಉರಿಯೂ ಏರುತ್ತದೆ. ಬಾರ್ಬೆರಾ ದ್ರಾಕ್ಷಿಯ ಗುಣ ಇದಕ್ಕೆ ತದ್ವಿರುದ್ಧ. ಬಣ್ಣ ಗಾಢ, ಹುಳಿ ಜಾಸ್ತಿ, ಒಗರು ಕಡಿಮೆ. ಕರಾವಳಿಯ ಹುಳಿ-ಖಾರ-ಕೊಬ್ಬಿನ ಊಟಕ್ಕೆ ಇಟಲಿಯ ಕೆಂಪು ವೈನ್‌ಗಳಲ್ಲಿ ನಮ್ಮ ಮೊದಲ ಆಯ್ಕೆ ಇದೇ.

ಬಾರ್ಬೆರಾ ದಾಸ್ತಿ ತಯಾರಾಗುವುದು ವಾಯುವ್ಯ ಇಟಲಿಯ ಪಿಯೆಮೊಂತೆಯಲ್ಲಿ, ಆಸ್ತಿ ಮತ್ತು ಅಲೆಸ್ಸಾಂದ್ರಿಯಾ ಜಿಲ್ಲೆಗಳ ಗುಡ್ಡಗಳಲ್ಲಿ. 2008ರಿಂದ ಇದಕ್ಕೆ ಇಟಲಿಯ ಅತ್ಯುನ್ನತ ದರ್ಜೆಯಾದ ಡಿ.ಓ.ಸಿ.ಜಿ. ಇದೆ. ಕನಿಷ್ಠ ಶೇ. 90 ಬಾರ್ಬೆರಾ ಇರಲೇಬೇಕು. ಲೇಬಲ್ ಪೂರ್ತಿ ಓದಿ ಕೊಳ್ಳಿ. ಬರೀ ‘ಆಸ್ತಿ’ ಎಂದಿದ್ದರೆ ಅದು ಬೇರೆಯೇ, ಸಿಹಿಯಾದ ಬಿಳಿ ನೊರೆವೈನ್. ‘ಸುಪೀರಿಯೋರೆ’ ಎಂದಿರುವುದು ಕನಿಷ್ಠ 14 ತಿಂಗಳು ಮಾಗಿದ್ದು, ಅದರಲ್ಲಿ 6 ತಿಂಗಳು ಮರದ ಪೀಪಾಯಿಯಲ್ಲಿ. ಬೆಲೆಯೂ ಹೆಚ್ಚು, ಮರದ ಒಗರೂ ಸೇರಿರುತ್ತದೆ. ನಮ್ಮ ಊಟಕ್ಕೆ ಸಾದಾ ಬಾಟಲಿಯೇ ಚೆಂದ.

ದುಕ್ರಾಮಾಸಿನ ಜೊತೆ ಇದರ ನಿಜವಾದ ಬೆಲೆ ಗೊತ್ತಾಗುತ್ತದೆ. ಬಫಾತ್ ಎಂಬ ಮಸಾಲೆ ಪುಡಿಯಲ್ಲಿ ಬೆಂದ ಹಂದಿಮಾಂಸದಲ್ಲಿ ಚರ್ಮದಡಿಯ ಕೊಬ್ಬು ಉಂಟು, ವಿನೆಗರ್ ಉಂಟು. ಊಟಕ್ಕಿಂತ ವೈನಿನ ಹುಳಿ ಕಡಿಮೆಯಾದರೆ ವೈನ್ ಸಪ್ಪೆ ಎನಿಸುತ್ತದೆ. ಬಾರ್ಬೆರಾ ಸಪ್ಪೆಯಾಗುವುದಿಲ್ಲ, ಬಾಯಿಗೆ ಅಂಟಿದ ಕೊಬ್ಬನ್ನು ತೊಳೆದು ಮುಂದಿನ ತುತ್ತಿಗೆ ಜಾಗ ಮಾಡುತ್ತದೆ. ಹುಳಿಚೆರ್ರಿಯ ಪರಿಮಳ ಮಸಾಲೆಯ ನಡುವೆಯೂ ಉಳಿಯುತ್ತದೆ. ಒಂದೇ ಷರತ್ತು, ವಿನೆಗರನ್ನು ಮಾಂಸದ ಜೊತೆಗೇ ಬೇಯಿಸಿರಬೇಕು. ಕೊನೆಯಲ್ಲಿ ಹಸಿಯಾಗಿ ಸುರಿದರೆ ಅದರ ಘಾಟಿಗೆ ವೈನಿನ ಹಣ್ಣಿನ ವಾಸನೆ ಸತ್ತುಹೋಗುತ್ತದೆ. ಜೊತೆಗೆ ಸನ್ನಾಸ್ (ಹುದುಗಿಸಿದ ಅಕ್ಕಿ ಹಿಟ್ಟಿನ ಮೆತ್ತನೆಯ ಇಡ್ಲಿ) ಇರಲಿ.

ಕುಂದಾಪುರದ ಚಿಕನ್ ಘೀ ರೋಸ್ಟಿಗೂ ಅದೇ ಲೆಕ್ಕ, ತುಪ್ಪ ಮತ್ತು ಹುಣಸೆಹುಳಿ. ಬೆಲ್ಲ ಹಾಕುವವರು ಚಿಟಿಕೆಗೆ ನಿಲ್ಲಿಸಿ, ಸಿಹಿ ಹೆಚ್ಚಿದಷ್ಟೂ ವೈನ್ ಹುಳಿಹುಳಿಯಾಗುತ್ತದೆ. ಕೋರಿ ರೊಟ್ಟಿಯ ಗಸಿಗೆ ಸಾಧಾರಣ, ತೆಂಗಿನಹಾಲಿನ ಸಿಹಿ ಅಡ್ಡ ಬರುತ್ತದೆ. ಮಾಂಸ ತಿನ್ನದವರಿಗೆ ಅಣಬೆ ಘೀ ರೋಸ್ಟ್ ಅಥವಾ ಕೆಂಡದಲ್ಲಿ ಸುಟ್ಟ ಮಟ್ಟುಗುಳ್ಳ ಬದನೆಯ ಬಜ್ಜಿ.

ಪಿಯೆಮೊಂತೆಯವರು ಇದನ್ನು ಮಾಂಸ ತುಂಬಿದ ಅನ್ಯೊಲೊತ್ತಿ ಪಾಸ್ತಾದ ಜೊತೆ, ಬೆಳ್ಳುಳ್ಳಿ, ಎಣ್ಣೆ, ಉಪ್ಪಿನಲ್ಲಿಟ್ಟ ಆಂಚೋವಿ ಮೀನುಗಳ ಬಿಸಿ ಗೊಜ್ಜಾದ ಬಾನ್ಯಾ ಕಾವ್ದಾ ಜೊತೆ ಕುಡಿಯುತ್ತಾರೆ. ಹಾಗೆಂದು ಬಂಗುಡೆ ಪುಳಿಮುಂಚಿಗೋ ಬೂತಾಯಿ ಗಸಿಗೋ ಇದನ್ನು ತೆರೆಯಬೇಡಿ. ಕೆಂಪು ವೈನಿನಲ್ಲಿರುವ ಕಬ್ಬಿಣ ಮೀನಿನ ಕೊಬ್ಬಿನೊಡನೆ ಸೇರಿದರೆ ಬಾಯಲ್ಲಿ ಹಸಿಮೀನಿನ ನಾತ ಉಳಿಯುತ್ತದೆ.

ನಮ್ಮೂರಲ್ಲಿ ವೈನ್ ಕೆಡುವುದು ಸೆಖೆಯಿಂದ. ‘ರೂಮ್ ಟೆಂಪರೇಚರ್’ ಎಂಬ ಮಾತು ಇಲ್ಲಿಯ 30 ಡಿಗ್ರಿಗೆ ಅನ್ವಯಿಸುವುದಿಲ್ಲ. ಈ ವೈನಿಗೆ 15–16 ಡಿಗ್ರಿ ಬೇಕು. ಬಿಸಿಯಾದರೆ ಆಲ್ಕೋಹಾಲ್ ಮೂಗಿಗೆ ಹೊಡೆದು ಖಾರವನ್ನೂ ಕೆದಕುತ್ತದೆ. ಊಟಕ್ಕೆ ಸುಮಾರು ಎರಡು ಗಂಟೆ ಮೊದಲು ಫ್ರಿಜ್ಜಿನಲ್ಲಿಡಿ, ಮೇಜಿನ ಮೇಲೆ ನೀರು ಮತ್ತು ನಾಲ್ಕಾರು ಐಸ್ ತುಂಡು ಹಾಕಿದ ಪಾತ್ರೆಯಲ್ಲಿ ನಿಲ್ಲಿಸಿ. ಗ್ಲಾಸಿನ ಮೂರನೇ ಒಂದು ಭಾಗ ಮಾತ್ರ ಹಾಕಿ, ಪರಿಮಳಕ್ಕೂ ಜಾಗ ಬೇಕು.

ಅಂಗಡಿಯಲ್ಲಿ ಬಿಸಿಲು ಬೀಳುವ ಶೋಕೇಸಿನ ಬಾಟಲಿ ಬೇಡ. ಕಾರ್ಕ್ ಮೇಲೆ ಉಬ್ಬಿದ್ದರೆ, ಕತ್ತಿನ ಹೊದಿಕೆಯಡಿ ಅಂಟಂಟು ಕಂಡರೆ ಅದು ಬೆಂದ ವೈನ್, ಬೇಯಿಸಿದ ಜಾಮಿನ ರುಚಿ ಬಂದಿರುತ್ತದೆ. ಸಾದಾ ಬಾರ್ಬೆರಾ ಆದರೆ ಕೊಯ್ಲಾಗಿ ಎರಡರಿಂದ ನಾಲ್ಕು ವರ್ಷದ ಒಳಗಿನದನ್ನು ಆರಿಸಿ. ತೆರೆದು ಮಿಕ್ಕಿದ್ದನ್ನು ಕಾರ್ಕ್ ಬಿಗಿದು ಫ್ರಿಜ್ಜಿನಲ್ಲಿ ನೆಟ್ಟಗೆ ಇಟ್ಟರೆ ಮೂರು ದಿನ ಚೆನ್ನಾಗಿರುತ್ತದೆ. ದುಕ್ರಾಮಾಸ್ ಮರುದಿನವೇ ಹೆಚ್ಚು ರುಚಿ, ಆದ್ದರಿಂದ ಅರ್ಧ ಬಾಟಲಿ ಅದಕ್ಕೆ ಎತ್ತಿಡಿ.