ಒಂಬತ್ತು ಸಾವಿರದ ಗಾಡಿ ಧಾಬಾದಲ್ಲಿ, ಮನೆಯವರು ಸರ್ಕಾರಿ ಬಸ್ಸಿನಲ್ಲಿ

ಹುಬ್ಬಳ್ಳಿಯಲ್ಲಿ ಒಬ್ಬರು ಮಲಗುವ ಗಾಡಿಗಳನ್ನು ಬಾಡಿಗೆಗೆ ಕೊಡುತ್ತಾರೆ. ಕ್ಯಾಂಪರ್ ವ್ಯಾನ್ ಅಂತಾರೆ, ಕಾರವಾನ್ ಅಂತಾರೆ, ನಮ್ಮವ್ವ "ಮನಿ ಗಾಡಿ" ಅಂತಾಳೆ. ಇರೋದು ಎರಡೇ. ಒಂದು ಡೀಸೆಲ್ ಟಿಟಿ, ಅಂದರೆ ಫೋರ್ಸ್ ಟ್ರಾವೆಲರ್ ಒಳಗೆ ಹಾಸಿಗೆ, ಸಿಂಕು, ಸಣ್ಣ ಟಾಯ್ಲೆಟ್ ಕೂರಿಸಿದ್ದು. ಇನ್ನೊಂದು ಸಿಎನ್‌ಜಿ ಇರುವ ಮಾರುತಿ ಈಕೊ, ಹಿಂದಿನ ಸೀಟು ಮಡಚಿ ಮೇಲೆ ಪ್ಲೈವುಡ್ ಹಾಕಿ ಹಾಸಿಗೆ ಹಾಸಿದ್ದು. ಡಿಸೆಂಬರ್‌ನಲ್ಲಿ ಮೊದಲನೆಯದು, ಫೆಬ್ರವರಿಯಲ್ಲಿ ಎರಡನೆಯದು ತಗೊಂಡು ಹೋಗಿ ಬಂದೆ. ಅಂಗಡಿಯ ಹೆಸರು ಬರೆಯುತ್ತಿಲ್ಲ. ಬೈಯುವುದು ಸ್ವಲ್ಪ ಇದೆ, ಮಾಲೀಕರು ಮಾತ್ರ ಮನುಷ್ಯ ಒಳ್ಳೆಯವರು.

ಇದರ ಹುಚ್ಚು ಹತ್ತಿದ್ದು ಅಮೆರಿಕಾದಲ್ಲಿ. ಎರಡು ವರ್ಷದ ಹಿಂದೆ ಅಕ್ಕನ ಮನೆಗೆ ಹೋದಾಗ ಮಾಮಾ ಒಂದು ವಾರಕ್ಕೆ ಮೋಟರ್‌ಹೋಮ್ ಬಾಡಿಗೆಗೆ ತಂದಿದ್ದರು. "ಗ್ಯಾಸ್ ಗಾಡಿ ತಂದೀನಿ, ಡೀಸೆಲ್ ಭಾಳ ತುಟ್ಟಿ" ಅಂದರು. ನಾನು ಸಿಎನ್‌ಜಿ ಅಂದುಕೊಂಡೆ. ಅಲ್ಲಿ ಗ್ಯಾಸ್ ಅಂದರೆ ಪೆಟ್ರೋಲ್! ಒಲೆಗೆ ಬೇರೆ ಗ್ಯಾಸ್ ಇದೆ, ಅದು ಪ್ರೊಪೇನ್. ಎರಡನೇ ದಿನ ಮಾಮಾ "ಗ್ಯಾಸ್ ಖಾಲಿ ಆಗಾಕ್ಹತ್ತೈತಿ" ಅಂದಾಗ ನಾನು ಗಡಬಡಿಸಿ ಚಹಾದ ಒಲೆ ಆರಿಸಿದೆ. ಅಕ್ಕ ಇವತ್ತಿಗೂ ಅದನ್ನು ಹೇಳಿ ನಗುತ್ತಾಳೆ.

ಆ ಗಾಡಿ ಫೋರ್ಡ್ ಇ-450 ಚಾಸಿಯದು. 7.3 ಲೀಟರಿನ ವಿ8 ಇಂಜಿನ್, 55 ಗ್ಯಾಲನ್ ಟ್ಯಾಂಕು, ಅಂದರೆ 208 ಲೀಟರ್. ನಮಗೆ ಸಿಕ್ಕ ಮೈಲೇಜು ಗ್ಯಾಲನ್ನಿಗೆ ಎಂಟು ಮೈಲಿ. ನಮ್ಮ ಲೆಕ್ಕದಲ್ಲಿ ಲೀಟರಿಗೆ ಮೂರೂವರೆ ಕಿಲೋಮೀಟರೂ ಇಲ್ಲ, ನಮ್ಮ ಸಾರಿಗೆ ಬಸ್ಸೇ ಅದಕ್ಕಿಂತ ವಾಸಿ. ಅಲ್ಲಿ ದೊಡ್ಡ ಡೀಸೆಲ್ ಮೋಟರ್‌ಹೋಮ್‌ಗಳಿಗೆ ಇಂಜಿನ್ ಹಿಂದೆ ಇರುತ್ತದೆ, ಹಾಗಾಗಿ ಡ್ರೈವರ್ ಹತ್ತಿರ ಸದ್ದೇ ಇಲ್ಲ, ಏರು ಬಂದರೂ ಏದುಸಿರಿಲ್ಲ, ಬಸ್ಸು ಲಾರಿಗೆ ಇರುವಂಥ ಏರ್ ಬ್ರೇಕು, ಹಿಂದೆ ಒಂದು ಕಾರು ಕಟ್ಟಿಕೊಂಡು ಎಳೆಯುವ ತಾಕತ್ತು. ಆದರೆ ಕೊಳ್ಳುವಾಗಲೇ ಬಹಳ ದುಬಾರಿ. ಆಯಿಲ್ ಬದಲಿಸಿದರೂ ಬಿಲ್ ದೊಡ್ಡದು. ಮೇಲಾಗಿ ಅಲ್ಲಿ ಸಾಮಾನ್ಯವಾಗಿ ಪೆಟ್ರೋಲಿಗಿಂತ ಡೀಸೆಲ್ಲೇ ತುಟ್ಟಿ, ನಮ್ಮಲ್ಲಿ ಉಲ್ಟಾ. ವರ್ಷಕ್ಕೆ ಎರಡು ಸಲ ಓಡಿಸುವವರಿಗೆ ಪೆಟ್ರೋಲ್ ಗಾಡಿ ಸಾಕು, ವರ್ಷವಿಡೀ ಅದರಲ್ಲೇ ಇರುವವರಿಗೆ ಡೀಸೆಲ್ ಅಂತ ಮಾಮಾನ ಲೆಕ್ಕ. ಇರಲಿ. ನನಗೆ ವಿಚಿತ್ರ ಅನಿಸಿದ್ದು ಆ ಹಿಂದೆ ಕಟ್ಟುವ ಕಾರು. ಮನೆಯಂಥ ಗಾಡಿ ಇದ್ದೂ ಹಾಲು ತರಲಿಕ್ಕೆ ಇನ್ನೊಂದು ಗಾಡಿ ಯಾಕೆ ಬೇಕು? ಉತ್ತರ ನನಗೆ ಅಣ್ಣಿಗೇರಿಯಲ್ಲಿ ಸಿಕ್ಕಿತು.

ಡಿಸೆಂಬರ್‌ನಲ್ಲಿ ನಾನು, ನಮ್ಮ ಮನೆಯವಳು, ಅವ್ವ, ಮಗ ನಾಲ್ವರು ಟಿಟಿ ತಗೊಂಡು ಗದಗಿನ ಕಡೆ ಹೊರಟೆವು. ಡ್ರೈವರ್ ಸಮೇತ ದಿನಕ್ಕೆ 9,000 ರೂಪಾಯಿ, ಡೀಸೆಲ್ ನಮ್ಮದು. ಗಾಡಿ ಓಡುವಾಗ ಮಾತ್ರ ಸುಖ. ಎತ್ತರದಲ್ಲಿ ಕೂತಿರುತ್ತೀವಿ, ಎರಡೂ ಕಡೆ ಕಡಲೆ ಹೊಲ, ಗದಗ ಬಂದ ಹಾಗೆ ಗಾಳಿ ಫ್ಯಾನುಗಳು. ಭಾರ ಹೊತ್ತಿದ್ದರೂ ಇಂಜಿನ್ ಎಳೆಯಲಿಲ್ಲ ಅನ್ನುವ ಹಾಗಿಲ್ಲ, ಮೂರನೇ ಗೇರಿನಲ್ಲೂ ಆರಾಮಾಗಿ ಹೋಗುತ್ತದೆ. ಲೀಟರಿಗೆ ಒಂಬತ್ತು ಕೊಟ್ಟಿತು. ಎಲ್ಲ ಸೇರಿ 230 ಕಿಲೋಮೀಟರಿಗೆ 2,300 ರೂಪಾಯಿ ಡೀಸೆಲ್. ಬಾಡಿಗೆಯ ಮುಂದೆ ಇದೇನೂ ಅಲ್ಲ.

ಅಣ್ಣಿಗೇರಿಯಲ್ಲಿ ಅಮೃತೇಶ್ವರ ಗುಡಿ ನೋಡೋಣ ಅಂತ ಒಳಗೆ ತಿರುಗಿಸಲು ಹೇಳಿದೆ. ಡ್ರೈವರ್ ಗಾಡಿ ನಿಲ್ಲಿಸಿ, ಕಿಟಕಿಯಿಂದ ಓಣಿ ನೋಡಿ, "ಸಾಹೇಬ್ರ, ಹೋಗೂದು ಹೋಗತೈತಿ. ತಿರುಗಿ ಬರಂಗಿಲ್ರಿ" ಅಂದ. ಹೆದ್ದಾರಿ ಪಕ್ಕ ನಿಲ್ಲಿಸಿ ಆಟೋ ಹಿಡಿದೆವು. ಅವ್ವ ಆಟೋದಲ್ಲಿ ಕೂತು ಹಿಂದೆ ನೋಡುತ್ತಾ "ಅದ್ಯಾಕ ಅದನ್ನ ತಂದೀ?" ಅಂತ ಒಂದೇ ಮಾತು ಕೇಳಿದಳು. ಉತ್ತರ ಕೊಡಲಿಲ್ಲ ನಾನು.

ಲಕ್ಕುಂಡಿಯಲ್ಲೂ ಅದೇ ಕಥೆ. ನೂರೊಂದು ಗುಡಿ, ನೂರೊಂದು ಬಾವಿ ಅನ್ನುವ ಊರು ಅದು. ಒಂದೇ ಕಡೆ ಇಲ್ಲವಲ್ಲ, ಮನೆಗಳ ನಡುವೆ ಚದುರಿವೆ. ಕಾಶಿವಿಶ್ವನಾಥ ಒಂದು ಕಡೆ, ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯ ಇನ್ನೊಂದು ಕಡೆ, ಮುಸುಕಿನ ಬಾವಿ ಮತ್ತೊಂದು ಕಡೆ. ಮಗ ಹಠ ಮಾಡಿ ತನ್ನ ಸೈಕಲ್ಲನ್ನು ಗಾಡಿಯ ಹಿಂದೆ ಕಟ್ಟಿಸಿಕೊಂಡಿದ್ದ, ನಾನು ಬೇಡ ಅಂತ ಬೈದಿದ್ದೆ. ನಾವು ಮೂವರು ಎರಡು ಗುಡಿ ನೋಡುವಷ್ಟರಲ್ಲಿ ಅವನು ಇಡೀ ಊರು ಸುತ್ತಿ, ನಾಲ್ಕು ಬಾವಿ ಇಳಿದು, ಯಾರದೋ ಮನೆಯಲ್ಲಿ ಮಜ್ಜಿಗೆ ಕುಡಿದು ಬಂದಿದ್ದ. ಇಡೀ ಪ್ರವಾಸದಲ್ಲಿ ಕೊಟ್ಟ ದುಡ್ಡಿಗೆ ನ್ಯಾಯ ಕೊಟ್ಟ ವಾಹನ ಅಂದರೆ ಆ ಸೈಕಲ್ಲೇ. ಅದಕ್ಕೆ ಗ್ಯಾಸೂ ಬೇಡ, ಡೀಸೆಲ್ಲೂ ಬೇಡ.

ರಾತ್ರಿ ಗದಗಿನ ಹೊರಗೆ ಒಂದು ಧಾಬಾದ ಅಂಗಳದಲ್ಲಿ ನಿಲ್ಲಿಸಿದೆವು. ಊಟ ಮಾಡಿದರೆ ಪಾರ್ಕಿಂಗಿಗೆ ದುಡ್ಡಿಲ್ಲ ಅಂದರು, ಬಿಸಿ ರೊಟ್ಟಿ, ಎಣಗಾಯಿ ಚೆನ್ನಾಗಿತ್ತು. ಬೈಗುಳ ಶುರುವಾಗುವುದು ಇಲ್ಲಿಂದ. ಬಾಡಿಗೆ ಕೊಡುವಾಗ "ಎಸಿ ಐತ್ರಿ, ಫ್ರಿಜ್ ಐತ್ರಿ" ಅಂದಿದ್ದರು. ಇದೆ, ಸುಳ್ಳಲ್ಲ. ಆದರೆ ಮೇಲಿನ ಎಸಿ ಓಡಬೇಕಾದರೆ ಹೊರಗಿನಿಂದ ಕರೆಂಟ್ ಎಳೆಯಬೇಕು, ಅದನ್ನು ಯಾರೂ ಹೇಳಿರಲಿಲ್ಲ. ಧಾಬಾದವರು ಪಾಪ ಒಂದು ವೈರು ಕೊಟ್ಟರು. ಎಸಿ ಹಾಕಿದ ತಕ್ಷಣ ಅವರ ಅಡುಗೆಮನೆಯ ಲೈಟೇ ಹೋಯಿತು. ಅಮೆರಿಕಾದಲ್ಲಿ ಇಂಥ ಗಾಡಿ ನಿಲ್ಲಿಸಲಿಕ್ಕೆ ಅಂತಲೇ ಜಾಗ ಇರುತ್ತದೆ, ಅಲ್ಲೇ ಕರೆಂಟ್ ಪಾಯಿಂಟು, ನೀರಿನ ನಲ್ಲಿ, ಟಾಯ್ಲೆಟ್ ಖಾಲಿ ಮಾಡಲು ಗುಂಡಿ. ಇಲ್ಲಿ ಅದೆಲ್ಲ ಧಾಬಾ ಮಾಲೀಕರ ಮನಸ್ಸಿನ ಮೇಲೆ. ಡಿಸೆಂಬರ್ ಆದದ್ದಕ್ಕೆ ಬಚಾವು. ಏಪ್ರಿಲ್ ಆಗಿದ್ದರೆ ಬೆಂದು ಹೋಗುತ್ತಿದ್ದೆವು.

ಇನ್ನೊಂದು ವಿಷಯ ನಾನು ಯೋಚಿಸಿಯೇ ಇರಲಿಲ್ಲ. ಡ್ರೈವರ್ ಎಲ್ಲಿ ಮಲಗಬೇಕು? ಒಳಗೆ ನಾಲ್ಕು ಹಾಸಿಗೆ, ನಾವು ನಾಲ್ವರು. ಆತ "ನಂದೇನೂ ಇಲ್ರಿ, ಸೀಟ್ ಮ್ಯಾಲೆ ಮಕ್ಕೋತೀನಿ" ಅಂದ. ಮಧ್ಯೆ ಒಂದು ಪರದೆ ಅಷ್ಟೇ. ಅವನಿಗೂ ಮುಜುಗರ, ಒಳಗೆ ಹೆಣ್ಣುಮಕ್ಕಳಿಗೂ ಮುಜುಗರ. ಕೊನೆಗೆ ಧಾಬಾದ ಹೊರಗಿನ ಮಂಚದ ಮೇಲೆ ಹೊದ್ದುಕೊಂಡು ಮಲಗಿದ, ಚಳಿಯಲ್ಲಿ. ನನಗೆ ನಿದ್ದೆ ಬರಲಿಲ್ಲ. ಅಂಗಡಿಯವರೇ ಡ್ರೈವರಿಗೆ ಲಾಡ್ಜ್ ದುಡ್ಡು ಕೊಟ್ಟು ಕಳಿಸಬೇಕು, ಇಲ್ಲ ನಮಗಾದರೂ ಮೊದಲೇ ಹೇಳಬೇಕು ಅಲ್ವಾ?

ಬೆಳಿಗ್ಗೆ ಎದ್ದರೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ. ಈಗಿನ ಬಿಎಸ್6 (ಹೊಗೆ ಮಿತಿಯ ಹೊಸ ನಿಯಮ) ಡೀಸೆಲ್ ಗಾಡಿಗಳಲ್ಲಿ ಬಹಳಷ್ಟಕ್ಕೆ ಡೀಸೆಲ್ ಜೊತೆ ಡಿಇಎಫ್ ಅಂತ ಒಂದು ನೀರಿನಂಥ ದ್ರವ ಬೇರೆ ಟ್ಯಾಂಕಿನಲ್ಲಿ ಹಾಕಬೇಕು. ನೂರಕ್ಕೆ 32.5 ಪಾಲು ಯೂರಿಯಾ, ಉಳಿದದ್ದು ಶುದ್ಧ ನೀರು. ಹೊಗೆಯಲ್ಲಿನ ವಿಷ ಕಡಿಮೆ ಮಾಡುವ ಕೆಲಸ ಅದರದ್ದು. ಅದು ಖಾಲಿಯಾದರೆ ಗಾಡಿ ತಾನೇ ಶಕ್ತಿ ಕಡಿಮೆ ಮಾಡಿಕೊಳ್ಳುತ್ತದೆ. ಅಂಗಡಿಯವರು ತುಂಬಿಸದೇ ಕಳಿಸಿದ್ದರು. ಅವ್ವನಿಗೆ ವಿವರಿಸಿದರೆ, "ಹೊಲಕ್ಕ ಹಾಕೂ ಯೂರಿಯಾ ಗಾಡಿಗೂ ಹಾಕ್ತಾರೇನು, ಅದಕ್ಕ ಸಿಗವಲ್ದು" ಅಂದಳು. ಹೊಲದ ಯೂರಿಯಾ ಕಲಸಿ ಹಾಕಬೇಡಿ ಮತ್ತೆ, ಗಾಡಿ ಕೆಡುತ್ತದೆ.

ಡ್ರೈವರ್ ಡಬ್ಬ ಹುಡುಕಿಕೊಂಡು ಬೈಕಿನಲ್ಲಿ ಗದಗಿಗೆ ಹೋದ. ನಾವು ಏನು ಮಾಡೋದು? ಮನೆಯವಳು, ಅವ್ವ ಇಬ್ಬರೂ ಆಧಾರ್ ಕಾರ್ಡ್ ತಗೊಂಡು ಧಾಬಾದ ಮುಂದೆ ಕೈ ಮಾಡಿ ಸರ್ಕಾರಿ ಬಸ್ ಹತ್ತಿದರು. ಶಕ್ತಿ ಯೋಜನೆ, ಸೊನ್ನೆ ರೂಪಾಯಿ ಟಿಕೆಟ್. ವೀರನಾರಾಯಣ ಗುಡಿ, ತ್ರಿಕೂಟೇಶ್ವರ ಗುಡಿ ಎರಡೂ ನೋಡಿ, ಪೇಟೆಯಲ್ಲಿ ಗದಗಿನ ಬಜ್ಜಿ ಕಟ್ಟಿಸಿಕೊಂಡು, ಅದೇ ಸೊನ್ನೆ ರೂಪಾಯಿಯಲ್ಲಿ ವಾಪಸ್ ಬಂದರು. ಒಂಬತ್ತು ಸಾವಿರದ ಗಾಡಿ ಅಷ್ಟು ಹೊತ್ತು ಬೇವಿನ ಗಿಡದ ಕೆಳಗೆ ನಿಂತಿತ್ತು, ಅದರೊಳಗೆ ನಾನು. ಆರು ಬಜ್ಜಿ ತಿಂದ ಮೇಲೆ ನಾಲ್ಕನೇ ನಮೂನೆಯ ಗ್ಯಾಸೂ ಗೊತ್ತಾಯಿತು.

ಒಂದು ಒಳ್ಳೆಯ ಬೆಳಿಗ್ಗೆ ಮಾತ್ರ ಈ ಟಿಟಿಯಿಂದಲೇ ಸಿಕ್ಕಿದ್ದು, ಅದನ್ನೂ ಹೇಳಬೇಕು. ಎರಡನೇ ರಾತ್ರಿ ಮಾಗಡಿ ಕೆರೆಯ ಹತ್ತಿರ, ರಸ್ತೆ ಬದಿಯ ಒಂದು ಹೋಟೆಲಿನ ಜಾಗದಲ್ಲಿ ಉಳಿದೆವು. ಶಿರಹಟ್ಟಿ ತಾಲೂಕಿನ ಈ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದೆ. ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಐದೂವರೆಗೆ ಎದ್ದು, ಗಾಡಿಯಲ್ಲೇ ಚಹಾ ಮಾಡಿಕೊಂಡು, ಲೋಟ ಹಿಡಿದೇ ನಡೆದು ಹೋದೆವು. ಡ್ರೈವರಿಗೆ ಇಂಜಿನ್ ಚಾಲು ಮಾಡಬೇಡ ಅಂತ ಹೇಳಿಟ್ಟಿದ್ದೆ, ಆ ಗುಡುಗುಡು ಸದ್ದಿಗೆ ಹಕ್ಕಿ ಇರಲಿ ಊರೇ ಏಳುತ್ತದೆ. ಮಂಜಿನೊಳಗೆ ಮೊದಲು ಸದ್ದು ಕೇಳಿತು, ಆಮೇಲೆ ಕಂಡವು. ಅಷ್ಟು ಹೊತ್ತಿಗೆ ಹುಬ್ಬಳ್ಳಿಯಿಂದ ಹೊರಟು ಅವ್ವನನ್ನು ಅಲ್ಲಿಗೆ ಕರೆತರುವುದು ಆಗದ ಮಾತು. ವಯಸ್ಸಾದವರು ಇದ್ದರೆ ಗಾಡಿಯೊಳಗಿನ ಟಾಯ್ಲೆಟ್ ಒಂದಕ್ಕೇ ಅರ್ಧ ಬಾಡಿಗೆ ಕೊಡಬಹುದು.

ಈಗ ಈಕೊ. ಫೆಬ್ರವರಿಯಲ್ಲಿ ನಾನು ಮತ್ತು ಗೆಳೆಯ ಇಬ್ಬರೇ, ಹಾವೇರಿ ಕಡೆಗೆ. ಡ್ರೈವರ್ ಇಲ್ಲ, ದಿನಕ್ಕೆ 3,000. ನಂಬರ್ ಪ್ಲೇಟ್ ಕಪ್ಪು, ಅಕ್ಷರ ಹಳದಿ ಇದೆಯಾ ನೋಡಿಕೊಳ್ಳಿ, ನಾವೇ ಓಡಿಸುವ ಬಾಡಿಗೆ ಗಾಡಿಗೆ ಅದೇ ಇರಬೇಕು. ಬಿಳಿ ಪ್ಲೇಟಿನ ಗಾಡಿ ಬಾಡಿಗೆಗೆ ಕೊಟ್ಟರೆ, ಏನಾದರೂ ಆದಾಗ ಇನ್ಶುರೆನ್ಸಿನವರು ಕೈ ಎತ್ತುತ್ತಾರೆ. ಸಿಎನ್‌ಜಿ ಸಿಲಿಂಡರಿನ ಪರೀಕ್ಷೆಯ ತಾರೀಖೂ ಕೇಳಿ. ಮೂರು ವರ್ಷಕ್ಕೊಮ್ಮೆ ಮಾಡಿಸಬೇಕು. ಇಲ್ಲಿ ಕೇಳಿದ ಕೂಡಲೇ ಕಾಗದ ತೋರಿಸಿದರು, ಅದಕ್ಕೆ ಪೂರ್ತಿ ಮಾರ್ಕು.

ಗ್ಯಾಸ್ ತುಂಬಿಸಲು ಹುಬ್ಬಳ್ಳಿಯಲ್ಲೇ ಮುಕ್ಕಾಲು ಗಂಟೆ ಹೋಯಿತು. ನಮ್ಮ ಮುಂದೆ ಹದಿನೈದು ಆಟೋ. ನಮ್ಮ ಪಾಳಿ ಬಂದಾಗ ಪ್ರೆಷರ್ ಕಡಿಮೆಯಾಗಿ ಎಂಟು ಕೆಜಿ ಮೇಲೆ ಹತ್ತಲಿಲ್ಲ. ಇದು ಸಿಎನ್‌ಜಿಯ ಹಣೆಬರಹ, ಟ್ಯಾಂಕು ತುಂಬೋದು ಪಂಪಿನ ಒತ್ತಡದ ಮೇಲೆ, ನಮ್ಮ ದುಡ್ಡಿನ ಮೇಲಲ್ಲ. ಬೆಳಿಗ್ಗೆ ಬೇಗ ಹೋದರೆ ವಾಸಿ. ಆ ಎಂಟು ಕೆಜಿಯಲ್ಲಿ 180 ಕಿಲೋಮೀಟರ್ ಓಡಿತು, ಆಮೇಲೆ ಬಟನ್ ಒತ್ತಿ ಪೆಟ್ರೋಲಿಗೆ ಬಂದೆವು. ಒಟ್ಟು 310 ಕಿಲೋಮೀಟರ್, ಎರಡೂ ಸೇರಿ 1,600 ರೂಪಾಯಿ. ಗ್ಯಾಸಿನಲ್ಲಿ ಇದ್ದಾಗ ಏರಿನಲ್ಲಿ ಸುಸ್ತು ಕಾಣುತ್ತದೆ, ಸೇತುವೆ ಹತ್ತುವಾಗಲೂ ಗೇರ್ ಇಳಿಸಬೇಕು. ಇಂಜಿನ್ ಮುಂದಿನ ಸೀಟಿನ ಕೆಳಗೇ ಇರುವುದರಿಂದ ಮಧ್ಯಾಹ್ನ ಕೂತಲ್ಲಿ ಬಿಸಿ. ನನ್ನ ಎತ್ತರ ಐದಡಿ ಹತ್ತಿಂಚು, ಮೂಲೆಯಿಂದ ಮೂಲೆಗೆ ಮಲಗಿದರೂ ಮೊಣಕಾಲು ಮಡಚಲೇಬೇಕು. ಗೆಳೆಯ ಗೊರಕೆ ಹೊಡೆಯುತ್ತಾನೆ. ಅದು ಗಾಡಿಯ ತಪ್ಪಲ್ಲ ಬಿಡಿ.

ಆದರೆ ಎಲ್ಲಿ ಬೇಕಾದರೂ ಹೋಯಿತು ರೀ! ಬಂಕಾಪುರದ ಕೋಟೆಯೊಳಗೆ, ಕಾಗಿನೆಲೆಯ ಓಣಿಗಳಲ್ಲಿ, ಚೌಡಯ್ಯದಾನಪುರದ ಮುಕ್ತೇಶ್ವರ ಗುಡಿಯ ಹತ್ತಿರದವರೆಗೂ. ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂದರೆ ಹಿಂದೆ ಸರಿದು ಜಾಗ ಕೊಟ್ಟೆವು, ಅಷ್ಟೇ. ತುಂಗಭದ್ರೆಯ ದಂಡೆಯಲ್ಲಿ, ಊರಿನವರನ್ನು ಕೇಳಿ, ನಿಲ್ಲಿಸಿ ಮಲಗಿದೆವು. ಸೊಳ್ಳೆ ಪರದೆ ಕಿಟಕಿಗೆ ಸರಿಯಾಗಿ ಕೂರುತ್ತಿರಲಿಲ್ಲ, ಇದು ಅಂಗಡಿಯವರ ಬೇಜವಾಬ್ದಾರಿ. ಹತ್ತು ಗಂಟೆಗೆ ಶುರುವಾದ ಸೊಳ್ಳೆ ನಾಲ್ಕು ಗಂಟೆಗೆ ಬಿಟ್ಟವು. ಬೆಳಿಗ್ಗೆಯ ಕೆಲಸಕ್ಕೆ ಪೆಟ್ರೋಲ್ ಪಂಪು ಹುಡುಕಿಕೊಂಡು ಗುತ್ತಲದವರೆಗೆ ಹೋದದ್ದನ್ನು ಹೆಚ್ಚು ವಿವರಿಸುವುದಿಲ್ಲ.

ಹಾಗಾದರೆ ಯಾವುದು? ಇಬ್ಬರೇ ಇದ್ದರೆ, ಗುಡಿ ಊರು ಹಳ್ಳಿ ಸುತ್ತುವುದಿದ್ದರೆ ಈಕೊ ತಗೊಳ್ಳಿ, ರಾತ್ರಿ ಬೇಕಾದರೆ ಹಾವೇರಿಯಲ್ಲಿ ಒಂದು ಲಾಡ್ಜ್ ಮಾಡಿ. ಹಿರಿಯರು ಇದ್ದರೆ, ಅಥವಾ ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಮತ್ತೆ ಹತ್ತುವುದಿದ್ದರೆ ಡೀಸೆಲ್ ಟಿಟಿ. ಆದರೆ ಅದನ್ನು ಊರ ಹೊರಗೆ ಕಟ್ಟಿದ ಎಮ್ಮೆ ಅಂತ ತಿಳಿದು, ಸುತ್ತಾಡಲು ಬೇರೆ ಏನಾದರೂ ಇಟ್ಟುಕೊಳ್ಳಿ. ಟಿಟಿಗೆ ಐದರಲ್ಲಿ ಎರಡೂವರೆ ಕೊಡುತ್ತೇನೆ. ಈಕೊಗೆ ಮೂರೂವರೆ, ಸೊಳ್ಳೆ ಪರದೆ ಸರಿ ಮಾಡಿದರೆ ನಾಲ್ಕು.

ಡಿಇಎಫ್ ದುಡ್ಡನ್ನು ಮಾಲೀಕರು ತಕರಾರಿಲ್ಲದೆ ವಾಪಸ್ ಕೊಟ್ಟರು, ಡ್ರೈವರ್ ಮಲಗುವ ವ್ಯವಸ್ಥೆಯನ್ನೂ ನೋಡುತ್ತೇನೆ ಅಂದರು. ಟಿಟಿ ಹಿಂದೆ ಒಂದು ಸ್ಟ್ಯಾಂಡ್ ಮಾಡಿಸಿ, ಸಣ್ಣ ಬೈಕ್ ಏನಾದರೂ ಕಟ್ಟಿಕೊಡಿ ಅಂತ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ನಮ್ಮಪ್ಪನ ಲೂನಾ ಐತ್ರಿ ಮನ್ಯಾಗ, ಕಟ್ಟಿ ಕೊಡ್ತೀನಿ. ಆದ್ರ ಪೆಟ್ರೋಲ್ ನೀವ ಹಾಕಿಸ್ಕೋಬೇಕು" ಅಂದರು.