ಹಪ್ಪಳದ ಡಬ್ಬಿಯೊಳಗಿನ ಆಟಗಳು: ಮೂರು ಮಳೆಗಾಲ ಆಡಿದ ಮೇಲೆ

ನಮ್ಮ ಮನೆ ಶಿರಸಿ ಪೇಟೆಯಿಂದ ಏಳೆಂಟು ಕಿಲೋಮೀಟರ್ ಒಳಗೆ, ಅಡಿಕೆ ತೋಟದ ಮೇಲ್ಬದಿಗೆ. ಜೂನ್‌ನಲ್ಲಿ ಮಳೆ ಹಿಡಿಯಿತು ಅಂದರೆ ಸಂಜೆ ಆರಕ್ಕೆ ಕತ್ತಲೆ, ಏಳಕ್ಕೆ ಕರೆಂಟು ಇಲ್ಲ, ಎಂಟಕ್ಕೆ ಮೊಬೈಲ್ ಸಿಗ್ನಲ್ಲೂ ಇಲ್ಲ. ಮಕ್ಕಳು ಎಷ್ಟು ಹೊತ್ತು ಅಂತ ಜಗುಲಿಯಲ್ಲಿ ಮಳೆ ನೋಡುತ್ತಾ ಕೂರುತ್ತಾರೆ? 2022ರ ದೀಪಾವಳಿಗೆ ಮೊದಲ ಬೋರ್ಡ್ ಗೇಮ್ ತರಿಸಿದ್ದು ಇದೇ ಕಾರಣಕ್ಕೆ. ಈಗ ಮೂರು ಮಳೆಗಾಲ ಆಗಿದೆ. ಐದು ಡಬ್ಬಿಗಳು ಬಂದಿವೆ. ಕೆಲವು ಸವೆಯುವಷ್ಟು ಆಡಿದ್ದೇವೆ, ಒಂದು ಕಪಾಟಿನಿಂದ ಕೆಳಗೇ ಇಳಿಯುವುದಿಲ್ಲ.

ಆಡುವವರು ಯಾರು ಅಂತ ಮೊದಲು ಹೇಳಬೇಕು, ಯಾಕೆಂದರೆ ಆಟ ಒಳ್ಳೆಯದೋ ಅಲ್ವೋ ಅನ್ನುವುದು ಅದರ ಮೇಲೇ ನಿಂತಿದೆ. ನಾನು, ನಮ್ಮನೆಯವರು, ಹನ್ನೊಂದು ವರ್ಷದ ಮಗಳು, ಎಂಟು ವರ್ಷದ ಮಗ, ಮತ್ತು ಎಪ್ಪತ್ತೆರಡು ವರ್ಷದ ಅತ್ತೆ. ಅತ್ತೆ ಚೌಕಾಬಾರದಲ್ಲಿ ಎತ್ತಿದ ಕೈ. ಕವಡೆ ಅಲ್ಲಾಡಿಸುವಾಗಲೇ ಯಾವ ಕಾಯಿ ಎಲ್ಲಿಗೆ ಹೋಗಬೇಕು ಅಂತ ಅವರ ತಲೆಯಲ್ಲಿ ಇರುತ್ತದೆ. ಹಾಗಾಗಿ ನನ್ನ ಪರೀಕ್ಷೆ ಎರಡೇ. ಅತ್ತೆ ಆಟ ಮುಗಿಯುವವರೆಗೆ ಕೂತರಾ? ಡಬ್ಬಿ ನಮ್ಮ ಮಳೆಗಾಲ ತಡೆಯಿತಾ?

ಯಾವುದು ತಗೊಳ್ಳಬೇಕು ಅಂತ ಗೊತ್ತಿಲ್ಲದಾಗ ನಾನು ನೋಡಿದ್ದು ಜರ್ಮನಿಯ 'ವರ್ಷದ ಆಟ' ಪ್ರಶಸ್ತಿ ಪಟ್ಟಿ. ಮನೆಮಂದಿ ಕೂತು ಆಡುವ ಆಟಗಳಿಗೆ ಕೊಡುವ ಪ್ರಶಸ್ತಿ ಅದು. ಕಟಾನ್ 1995ರಲ್ಲಿ, ಟಿಕೆಟ್ ಟು ರೈಡ್ 2004ರಲ್ಲಿ, ಕೋಡ್‌ನೇಮ್ಸ್ 2016ರಲ್ಲಿ, ಅಜುಲ್ 2018ರಲ್ಲಿ ಅದನ್ನು ಪಡೆದಿವೆ. ಐದನೆಯದು ಪ್ಯಾಂಡೆಮಿಕ್. ಅದಕ್ಕೆ ಆ ಪ್ರಶಸ್ತಿ ಬಂದಿಲ್ಲ, ಪರಿಚಯದವರು ಕೊಟ್ಟಿದ್ದು.

ಮೊದಲು ಬಂದಿದ್ದು ಕಟಾನ್. ಜರ್ಮನಿಯ ಕ್ಲೌಸ್ ಟಾಯ್ಬರ್ ಮಾಡಿದ ಆಟ. ಆರು ಮೂಲೆಯ 19 ಬಿಲ್ಲೆ ಜೋಡಿಸಿದರೆ ಒಂದು ದ್ವೀಪ. ಅದರಲ್ಲಿ ಕಾಡು, ಗದ್ದೆ, ಗುಡ್ಡ, ಹುಲ್ಲುಗಾವಲು. ದಾಳ ಹಾಕಿದಾಗ ಬಂದ ಸಂಖ್ಯೆಯ ಪ್ರಕಾರ ಮರ, ಇಟ್ಟಿಗೆ, ಉಣ್ಣೆ, ಕಾಳು, ಅದಿರು ಸಿಗುತ್ತವೆ. ಅದರಿಂದ ದಾರಿ ಹಾಕಬೇಕು, ಮನೆ ಕಟ್ಟಬೇಕು, 10 ಅಂಕ ಮಾಡಿದವರು ಗೆದ್ದರು. ಬೇಕಾದ್ದು ಇಲ್ಲದಿದ್ದರೆ ಪಕ್ಕದವರ ಹತ್ತಿರ ಕೇಳಿ ಬದಲಾಯಿಸಿಕೊಳ್ಳಬೇಕು. ಆಟದ ಜೀವ ಇರುವುದು ಇಲ್ಲಿ. ಮೊದಲ ದಿನ ಅರ್ಧ ಗಂಟೆ ಸುಮ್ನೆ ನೋಡುತ್ತಿದ್ದ ಅತ್ತೆ ಒಮ್ಮೆಲೇ ಮಗನ ಕಡೆ ತಿರುಗಿ, "ತಮಾ, ಯಂಗೆ ಒಂದು ಇಟ್ಟಿಗೆ ಕೊಡು, ನಿಂಗೆ ಎರಡು ಕುರಿ ಕೊಡ್ತಿ" ಅಂದರು. ಆಮೇಲೆ ಅವರನ್ನು ಹಿಡಿಯುವವರೇ ಇಲ್ಲ.

ಮಗನಿಗೆ ಕಟಾನ್ ಕಲಿಸಿದ್ದು ಲೆಕ್ಕ. ಎರಡು ದಾಳ ಹಾಕಿದರೆ 36 ರೀತಿ ಬೀಳಬಹುದು, ಅದರಲ್ಲಿ 7 ಬರುವುದು ಆರು ರೀತಿ, 6 ಮತ್ತು 8 ಐದೈದು ರೀತಿ, 2 ಮತ್ತು 12 ಒಂದೊಂದೇ ರೀತಿ. 6 ಮತ್ತು 8ನ್ನು ಆಟದಲ್ಲಿ ಕೆಂಪು ಬಣ್ಣದಲ್ಲಿ ಬರೆದಿರುವುದು ಯಾಕೆ ಅಂತ ಅವನು ಪಟ್ಟಿಯಲ್ಲಿ ಗೀಟು ಹಾಕಿ ಹಾಕಿ ತಾನೇ ಕಂಡುಕೊಂಡ. ಅಂದು ಅವನ ಮುಖ ನೋಡಬೇಕಿತ್ತು.

ಆದರೆ ಕಟಾನ್‌ನ ತೊಂದರೆಯೂ ಸಣ್ಣದಲ್ಲ. ಶುರುವಿನಲ್ಲಿ ಮನೆ ಇಡುವ ಜಾಗ ತಪ್ಪಿದರೆ ಒಂದೂವರೆ ಗಂಟೆ ಕೈ ಖಾಲಿ. 7 ಬಿದ್ದಾಗ ಏಳಕ್ಕಿಂತ ಜಾಸ್ತಿ ಕಾರ್ಡ್ ಇದ್ದವರು ಅರ್ಧ ಕಳೆದುಕೊಳ್ಳುತ್ತಾರೆ. ಮಗ ಎರಡು ಸಲ ಅತ್ತಿದ್ದಾನೆ. ಮೇಲಿಂದ ನಾಲ್ಕೇ ಜನ ಆಡಬಹುದು, ಐದು–ಆರು ಜನಕ್ಕೆ ಬೇರೆ ಡಬ್ಬಿ ಕೊಳ್ಳಬೇಕು. ಐದು ಜನರ ಮನೆಯಲ್ಲಿ ಒಬ್ಬರು ಯಾವಾಗಲೂ ಹೊರಗೆ, ಆ ಒಬ್ಬರು ಹೆಚ್ಚಾಗಿ ನಾನೇ, ಯಾಕೆಂದರೆ ಅಷ್ಟೊತ್ತಿಗೆ ರಾತ್ರಿ ಅಡುಗೆ ಆಗಬೇಕು.

ಮಳೆ ಕಟಾನನ್ನು ಚೆನ್ನಾಗಿ ಕಾಡಿತು. ಮೊದಲ ಆಗಸ್ಟ್‌ನಲ್ಲಿ ತೆಗೆದು ನೋಡಿದರೆ ಬಿಲ್ಲೆಗಳು ದೋಣಿಯ ಹಾಗೆ ಬಾಗಿದ್ದವು. ಸುತ್ತಲಿನ ಸಮುದ್ರದ ಪಟ್ಟಿಗೆ ಒಂದಕ್ಕೊಂದು ಕಚ್ಚಿಕೊಳ್ಳಲು ಆಗುತ್ತಿರಲಿಲ್ಲ. ಕಾರ್ಡ್‌ಗಳು ಅಂಟಿಕೊಂಡಿದ್ದವು, ಡಬ್ಬಿಯ ಒಳಗೋಡೆಗೆ ಬಿಳಿ ಬೂಷ್ಟು. ಆಗ ದಾರಿ ತೋರಿಸಿದ್ದು ಅತ್ತೆಯೇ. "ಹಪ್ಪಳ ಇಡ್ತ್ವಲೆ, ಹಾಂಗೇ ಇಡು" ಅಂದರು. ಹಲಸಿನ ಹಪ್ಪಳ ಮೇ ತಿಂಗಳಲ್ಲಿ ಒಣಗಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ತುಂಬಿ, ಇಡೀ ಮಳೆಗಾಲ ಕಳೆಯುತ್ತೇವೆ ಅಲ್ವಾ? ಆಟಕ್ಕೆ ಯಾಕೆ ಆಗಬಾರದು? ಅಂದಿನಿಂದ ನಮ್ಮಲ್ಲಿ ಕಾರ್ಡ್ ಮತ್ತು ಬಿಲ್ಲೆ ಎಲ್ಲವೂ ಹಪ್ಪಳದ ಡಬ್ಬಿಯಲ್ಲಿ. ಚಪ್ಪಲಿ, ಬ್ಯಾಗ್‌ಗಳ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ಒಟ್ಟು ಮಾಡಿ ಒಳಗೆ ಹಾಕುತ್ತೇವೆ. ಬಾಗಿದ ಬಿಲ್ಲೆಗಳನ್ನು ದಪ್ಪ ಪುಸ್ತಕದ ಕೆಳಗೆ ಒಂದು ವಾರ ಇಟ್ಟರೆ ಮುಕ್ಕಾಲು ಪಾಲು ಸರಿಯಾಗುತ್ತವೆ. ಕಾರ್ಡ್‌ಗೆ ಪ್ಲಾಸ್ಟಿಕ್ ಕವರ್ ಹಾಕುವುದಾದರೆ ಬಿಸಿಲಿನ ದಿನ, ಕಾರ್ಡ್ ಒಣಗಿರುವಾಗ ಹಾಕಿ. ಒದ್ದೆ ಗಾಳಿಯಲ್ಲಿ ಹಾಕಿದರೆ ತೇವ ಒಳಗೇ ಉಳಿದು ಇನ್ನೂ ಬೇಗ ಹಾಳಾಗುತ್ತದೆ. ನನ್ನದು ಇಪ್ಪತ್ತು ಕಾರ್ಡ್ ಹಾಗೆ ಹೋದವು.

ಎರಡನೆಯದು ಟಿಕೆಟ್ ಟು ರೈಡ್, ಅಲನ್ ಆರ್. ಮೂನ್ ಅವರದ್ದು. ಒಂದೇ ಆಟ ಕೊಳ್ಳುತ್ತೀರಿ ಅಂತಾದರೆ ಇದನ್ನೇ ಕೊಳ್ಳಿ. ಅಮೆರಿಕದ ನಕ್ಷೆ, ಒಬ್ಬೊಬ್ಬರಿಗೆ 45 ಪುಟ್ಟ ರೈಲು ಡಬ್ಬಿ. ಬಣ್ಣದ ಕಾರ್ಡ್ ಒಟ್ಟು ಮಾಡಿ ಊರಿಂದ ಊರಿಗೆ ಹಳಿ ಹಾಕುತ್ತಾ ಹೋಗಬೇಕು. ಕೈಯಲ್ಲಿರುವ ಟಿಕೆಟ್‌ನ ಎರಡು ಊರು ಕೂಡಿದರೆ ಅಂಕ, ಕೂಡದಿದ್ದರೆ ಅಷ್ಟೇ ಅಂಕ ಕಡಿತ. ಕಲಿಸಲು ಹತ್ತು ನಿಮಿಷ ಸಾಕು. ಐದು ಜನ ಆಡಬಹುದು, ಹಾಗಾಗಿ ನಮ್ಮ ಮನೆಯಲ್ಲಿ ಯಾರೂ ಹೊರಗಿಲ್ಲ. ಟಿಕೆಟ್ ಮೇಲೆ ಪುಟ್ಟ ನಕ್ಷೆಯಲ್ಲೇ ಎರಡೂ ಊರು ತೋರಿಸಿರುವುದರಿಂದ ಇಂಗ್ಲಿಷ್ ನಿಧಾನಕ್ಕೆ ಓದುವ ಅತ್ತೆಗೂ ತೊಂದರೆ ಇಲ್ಲ. ಕಾರ್ಡ್‌ನ ಪ್ರತಿ ಬಣ್ಣಕ್ಕೂ ಬೇರೆ ಗುರುತು ಇದೆ. ಚಾರ್ಜರ್ ಲೈಟಿನ ಮಂದ ಬೆಳಕಿನಲ್ಲಿ ಕೆಂಪು ಯಾವುದು, ಕಿತ್ತಳೆ ಯಾವುದು ಅಂತ ತಿಳಿಯದಾಗ ಆ ಗುರುತೇ ದಿಕ್ಕು.

ಶಿರಸಿಗೆ ರೈಲಿಲ್ಲ. ರೈಲು ಹತ್ತಬೇಕು ಅಂದರೆ ಘಟ್ಟ ಇಳಿದು ಕುಮಟಾ, ಇಲ್ಲ ತಾಳಗುಪ್ಪ, ಇಲ್ಲ ಹಾವೇರಿ. ಹುಬ್ಬಳ್ಳಿ–ಅಂಕೋಲಾ ರೈಲಿನ ಮಾತು ನಾನು ಶಾಲೆಗೆ ಹೋಗುವಾಗಿನಿಂದ ಕೇಳುತ್ತಿದ್ದೇನೆ. ಅದಕ್ಕೋ ಏನೋ, ಸಿಯಾಟಲ್‌ನಿಂದ ನ್ಯೂಯಾರ್ಕ್‌ಗೆ, 22 ಅಂಕದ ಆ ಉದ್ದದ ಟಿಕೆಟ್, ಅತ್ತೆ ಮೊದಲ ಸಲ ಮುಗಿಸಿದಾಗ ಜಗುಲಿಯಲ್ಲಿ ಎಲ್ಲರೂ ಚಪ್ಪಾಳೆ ಹೊಡೆದೆವು. ಇದಕ್ಕೆ ಭಾರತದ ನಕ್ಷೆಯೂ ಬೇರೆಯಾಗಿ ಸಿಗುತ್ತದೆ, ಸ್ವಿಟ್ಜರ್ಲೆಂಡ್ ನಕ್ಷೆಯ ಜೊತೆ 2011ರಲ್ಲಿ ಬಂದದ್ದು. ರೈಲು ಮತ್ತು ಕಾರ್ಡ್ ಮೂಲ ಆಟದ್ದೇ ಬೇಕು. ಬೆಂಗಳೂರಿನ ಭಾವ ರಜೆಯಲ್ಲಿ ತಂದಿದ್ದರು, ಅದರಲ್ಲಿ ಎರಡು ಊರನ್ನು ಎರಡು ಬೇರೆ ದಾರಿಯಿಂದ ಕೂಡಿಸಿ ಸುತ್ತು ಹಾಕಿದರೆ ಹೆಚ್ಚಿನ ಅಂಕ. ಚೆನ್ನಾಗಿದೆ, ಆದರೆ ನಾಲ್ಕೇ ಜನಕ್ಕೆ.

ನನಗೆ ಬಂದ ಡಬ್ಬಿಯಲ್ಲಿ ಮೂರು ನೀಲಿ ರೈಲು ಕಮ್ಮಿ ಇದ್ದವು. ಮಾರಿದವರಿಗೆ ನಾಲ್ಕು ಸಲ ಬರೆದೆ, ಉತ್ತರ ಬರಲಿಲ್ಲ. ಬಂದ ದಿನವೇ ಕೂತು ಎಣಿಸಿಕೊಳ್ಳಿ, ವಾಪಸ್ ಕಳಿಸುವ ಗಡುವು ಬೇಗ ಮುಗಿಯುತ್ತದೆ.

ಪ್ಯಾಂಡೆಮಿಕ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಎಲ್ಲರೂ ಒಂದೇ ಗುಂಪಾಗಿ ರೋಗಗಳ ವಿರುದ್ಧ ಆಡುವುದು. ಯೋಚನೆ ಒಳ್ಳೆಯದು, ಆದರೆ ನಮ್ಮಲ್ಲಿ ನಮ್ಮನೆಯವರೇ ಎಲ್ಲರಿಗೂ ಏನು ಮಾಡಬೇಕು ಅಂತ ಹೇಳಿಬಿಡುತ್ತಿದ್ದರು, ಮಕ್ಕಳು ಸುಮ್ನೆ ಕೈ ಆಡಿಸುವವರಾದರು. 2021ರಲ್ಲಿ ಹತ್ತಿರದವರನ್ನು ಕಳೆದುಕೊಂಡ ಮನೆ ನಮ್ಮದು. ಆ ಹೆಸರಿನ ಡಬ್ಬಿ ತೆಗೆಯಲು ಅತ್ತೆಗೆ ಮನಸ್ಸು ಬರಲಿಲ್ಲ, ನಾವು ಒತ್ತಾಯ ಮಾಡಲಿಲ್ಲ.

ಅಜುಲ್ ಮಳೆಗಾಲಕ್ಕೇ ಮಾಡಿದಂತಿದೆ. ನುಣುಪಾದ 100 ಬಿಲ್ಲೆ, ಐದು ಬಣ್ಣ, ಕಾಗದವಲ್ಲ, ಹಾಗಾಗಿ ಬೂಷ್ಟಿನ ಭಯ ಇಲ್ಲ. ಪೋರ್ಚುಗಲ್‌ನ ಗೋಡೆ ಹೆಂಚುಗಳನ್ನು ನೋಡಿ ಮಿಖಾಯೆಲ್ ಕೀಸ್ಲಿಂಗ್ ಮಾಡಿದ ಆಟ. ಗುಂಪಿನಿಂದ ಒಂದೇ ಬಣ್ಣದ್ದನ್ನೆಲ್ಲ ಎತ್ತಿಕೊಳ್ಳಬೇಕು, ಉಳಿದದ್ದು ನಡುವಿಗೆ ಹೋಗುತ್ತದೆ. ನಿಮ್ಮ ಸಾಲಿನಲ್ಲಿ ಹಿಡಿಯದೆ ಹೆಚ್ಚಾದದ್ದಕ್ಕೆ ಅಂಕ ಕಡಿತ. ಅತ್ತೆ ಮೂರನೇ ಸುತ್ತಿಗೇ ಎಲ್ಲರಿಗಿಂತ ಮುಂದೆ ಹೋದರು. ರಾಶಿ, ಬೆಟ್ಟೆ, ಗೋಟು ಅಂತ ಐವತ್ತು ವರ್ಷ ಅಡಿಕೆ ಆರಿಸಿದ ಕೈ ಅದು. ನಾವು ಬಣ್ಣ ನೋಡಿ ಯೋಚಿಸುವಷ್ಟರಲ್ಲಿ ಅವರ ಬೆರಳು ಯಾವುದು ಬೇಕು, ಯಾವುದು ಬೇಡ ಅಂತ ಬೇರೆ ಮಾಡಿ ಆಗಿರುತ್ತದೆ. ಒಂದೇ ಕೊರತೆ: ಅಂಕ ಗುರುತಿಸುವ ಕರಿ ಕಾಯಿ ಹಲಗೆ ತಾಗಿದರೆ ಜಾರುತ್ತದೆ. ನಾವು ಕೊನೆಗೆ ಅಂಕ ಕಾಗದದಲ್ಲಿ ಬರೆಯಲು ಶುರು ಮಾಡಿದೆವು. ಇಬ್ಬರೇ ಇದ್ದಾಗ, ಅರ್ಧ ಮುಕ್ಕಾಲು ಗಂಟೆ ಇದ್ದಾಗ, ಇದಕ್ಕಿಂತ ಒಳ್ಳೆಯದು ನಮ್ಮಲ್ಲಿ ಬೇರೆ ಇಲ್ಲ.

ಈಗ ಕೋಡ್‌ನೇಮ್ಸ್. ಇಂಗ್ಲಿಷ್ ಡಬ್ಬಿ ಬಂದಾಗ ನಮ್ಮಲ್ಲಿ ಅದು ಓಡಲೇ ಇಲ್ಲ. ಆದರೆ ಈಗ ನಾವು ಹೆಚ್ಚು ಆಡುವುದು ಅದನ್ನೇ, ಕನ್ನಡದಲ್ಲಿ.

ಆಟ ಹೀಗಿದೆ. ಮೇಜಿನ ಮೇಲೆ 25 ಪದ. ಎರಡು ಗುಂಪು, ಗುಂಪಿಗೊಬ್ಬ ನಾಯಕ. ಒಂದು ಗುಂಪಿಗೆ 9 ಪದ, ಇನ್ನೊಂದಕ್ಕೆ 8, ಯಾರದ್ದೂ ಅಲ್ಲದವು 7, ಮುಟ್ಟಿದರೆ ಅಲ್ಲೇ ಸೋಲುವ ಕರಿ ಪದ ಒಂದು. ಯಾವುದು ಯಾರದ್ದು ಅಂತ ನಾಯಕರಿಗೆ ಮಾತ್ರ ಗೊತ್ತು. ನಾಯಕ ಒಂದು ಸುಳಿವಿನ ಪದ, ಒಂದು ಸಂಖ್ಯೆ ಹೇಳಬೇಕು, ಅಷ್ಟೇ. "ಮಳೆ, ಮೂರು" ಅಂದರೆ ಮಳೆಗೆ ಹೊಂದುವ ಮೂರು ಪದ ಹುಡುಕಿ ಅಂತ. ಜೆಕ್ ದೇಶದ ವ್ಲಾದಾ ಖ್ವಾತಿಲ್ 2015ರಲ್ಲಿ ತಂದ ಆಟ. ಒಂದು ಪದಕ್ಕೆ ಎರಡು ಮೂರು ಅರ್ಥ ಇದ್ದರೇ ಇದರ ರುಚಿ. ಇಂಗ್ಲಿಷ್ ಪದದ ಎರಡನೇ ಅರ್ಥ ಅತ್ತೆಗೆ ಎಲ್ಲಿಂದ ಗೊತ್ತಾಗಬೇಕು, ಮಗನಿಗೆ ಎಲ್ಲಿಂದ ಗೊತ್ತಾಗಬೇಕು?

ಮಗಳು ಹಳೆಯ ಮದುವೆ ಕಾಗದಗಳನ್ನು ಒಟ್ಟು ಮಾಡಿದಳು. ದಪ್ಪ ಕಾಗದ, ಒಂದು ಬದಿ ಖಾಲಿ. ಒಂದೇ ಅಳತೆಗೆ ಕತ್ತರಿಸಿ ಪದ ಬರೆದೆವು. ಜೆಲ್ ಪೆನ್ನಿನಲ್ಲಿ ಬರೆದದ್ದು ತೇವಕ್ಕೆ ಹರಡಿತು, ಅಳಿಯದ ಮಾರ್ಕರ್‌ನಲ್ಲಿ ಮತ್ತೆ ಬರೆದೆವು. ಈಗ 240 ಕಾರ್ಡ್ ಇವೆ. ತಿರುಗಿಸಿದರೆ ಒಂದರಲ್ಲಿ ಅರ್ಧ ಗಣಪತಿ, ಇನ್ನೊಂದರಲ್ಲಿ 'ಚಿ. ರಾ.' ಅಂತ ಮಾತ್ರ. ಮೂಲ ಡಬ್ಬಿಯ ಗುಟ್ಟಿನ ಚೀಟಿ ಮತ್ತು ಬಣ್ಣದ ಕಾರ್ಡ್ ಹಾಗೇ ಬಳಸುತ್ತೇವೆ.

ಪದ ಆರಿಸಲು ಕೂತಾಗ ತಿಳಿಯಿತು, ಕನ್ನಡ ಈ ಆಟಕ್ಕೆ ಎಷ್ಟು ಹೊಂದುತ್ತದೆ ಅಂತ. ಕಾಲು, ಅಡಿ, ಹತ್ತು, ಕರೆ, ಅರಸು. ಶಿರಸಿಯವರಿಗೆ ಇನ್ನೂ ಇವೆ. ರಾಶಿ ಅಂದರೆ ಗುಡ್ಡೆ, ಜಾತಕದ ರಾಶಿ, ಮತ್ತೆ ಅಡಿಕೆಯ ಜಾತಿ. ಮಂಡಿ ಅಂದರೆ ಮೊಣಕಾಲು, ಅಡಿಕೆ ಮಾರುವ ಜಾಗವೂ ಹೌದು.

ಕಳೆದ ಚೌತಿ ಮುಗಿದ ಮೇಲಿನ ಭಾನುವಾರ ಕಾರವಾರದಿಂದ ನಮ್ಮನೆಯವರ ಗೆಳೆಯರು ಮನೆಮಂದಿಯ ಜೊತೆ ಬಂದಿದ್ದರು, ನೇವರಿ (ಕರ್ಜಿಕಾಯಿ) ಕಟ್ಟಿಕೊಂಡು. ಅವರ ಮನೆಮಾತು ಕೊಂಕಣಿ. ಅವರು ಅತ್ತೆಯ ಗುಂಪಿಗೆ ಬಿದ್ದರು, ಅತ್ತೆ ನಾಯಕಿ. ಕನ್ನಡಕ ಏರಿಸಿ ಚೀಟಿ ನೋಡಿ ಅತ್ತೆ ಹೇಳಿದರು: "ಅಡಿಕೆ, ಮೂರು."

ಅವರು 'ರಾಶಿ' ಮೇಲೆ ಬೆರಳಿಟ್ಟರು. ಪೇಪರಿನಲ್ಲಿ ದರ ನೋಡಿ ಗೊತ್ತಿತ್ತಂತೆ. ಸರಿ. ಸ್ವಲ್ಪ ಹೊತ್ತಿನ ಮೇಲೆ 'ಮಂಡಿ'. ಸರಿ. ಮೂರನೆಯದು ಹೊಳೆಯಲಿಲ್ಲ. 'ಕೊನೆ' ಕಣ್ಣೆದುರೇ ಇತ್ತು, ಅದರ ಮೇಲಿಂದಲೇ ಬೆರಳು ದಾಟಿಹೋಗಿ 'ತಟ್ಟೆ' ಮೇಲೆ ನಿಂತಿತು. ಹಾಳೆ ತಟ್ಟೆ ಅಂತ ಅವರ ಲೆಕ್ಕ. ಅದು ಯಾರದ್ದೂ ಅಲ್ಲದ ಪದ.

ಆಟ ಮುಗಿದ ಮೇಲೆ ಕೇಳಿದರು, "ಆಯೀ, ಕೊನೆ ಅಂದ್ರೆ ಮುಗಿಯೋದು ಅಲ್ವಾ?"

"ಕೊನೆ ಕೊಯ್ಯದ್ದೆ ಅಡಿಕೆ ಎಲ್ಲಿಂದ ಬತ್ತು ತಮಾ?" ಅಂದ ಅತ್ತೆ ಅವರನ್ನು ಹಿತ್ತಿಲ ಬಾಗಿಲಿಗೆ ಕರೆದುಕೊಂಡು ಹೋಗಿ, ಮಳೆಯಲ್ಲೇ ಮರದ ಮೇಲಿನ ಗೊನೆ ತೋರಿಸಿದರು. ನಾವು ಅದನ್ನೇ ಕೊನೆ ಅನ್ನುವುದು.

ಮುಂದಿನ ಸುತ್ತಿನಲ್ಲಿ ಅತ್ತೆಯ ಸುಳಿವು: "ನೆಂಟರು, ಎರಡು." 'ಕವಳ' ಬೇಗ ಸಿಕ್ಕಿತು, ಅಂದರೆ ಎಲೆ ಅಡಿಕೆ, ಬಂದವರಿಗೆ ಮೊದಲು ಕೊಡುವುದೇ ಅದು. ಎರಡನೆಯದಕ್ಕೆ ಅವರು ಇಡೀ ಮೇಜು ಹುಡುಕಿದರು. ಕಾರವಾರದಲ್ಲಿ ಹುಟ್ಟಿ ಬೆಳೆದವರಿಗೆ 'ಬಂದರು' ಅಂದರೆ ಹಡಗು, ಕ್ರೇನು, ಮೀನು ಅಷ್ಟೇ ತಾನೇ. ಮತ್ತೆ ಮತ್ತೆ ತಮ್ಮಷ್ಟಕ್ಕೆ ಓದಿಕೊಳ್ಳುತ್ತಿದ್ದರು. ನೆಂಟರು, ದೋಣಿ. ನೆಂಟರು, ಬಾಳೆ. ನೆಂಟರು, ಬಂದರು. ಅಷ್ಟು ಹೇಳಿದ ಮೇಲೆ ಒಂದು ಕ್ಷಣ ಬಾಯಿ ನಿಂತಿತು. ಆಮೇಲೆ ಅವರು ನಕ್ಕ ನಗುವಿಗೆ ಮಲಗಿದ್ದ ಅವರ ಮಗು ಎದ್ದು ಕೂತಿತು.

ಕನ್ನಡದಲ್ಲಿ ಮಾಡಿಕೊಳ್ಳುವವರಿಗೆ ನಮ್ಮ ಕೆಲವು ಕಟ್ಟಳೆ ಹೇಳುತ್ತೇನೆ. ಮೇಜಿನ ಮೇಲಿನ ಪದ ಒಳಗೆ ಸೇರಿರುವ ಜೋಡುಪದ ಸುಳಿವಾಗಿ ಬೇಡ: 'ಮರ' ಇದ್ದಾಗ 'ತೆಂಗಿನಮರ' ಅನ್ನಬಾರದು. ಇನ್ನೊಂದು, 'ಮನೆಗೆ', 'ಮನೆಯಲ್ಲಿ' ಅಂತ ಬಾಲ ಹಚ್ಚಿ ಸುಳಿವು ಕೊಡುವುದು ಬೇಡ, ಅದರಿಂದ ಜಗಳ ಆಗುತ್ತದೆ. ಊರಿನ ಮಾತು, ಕೊಂಕಣಿ ಮಾತು, ಕೂತವರಿಗೆಲ್ಲ ಗೊತ್ತಿದ್ದರೆ ಆಗಬಹುದು. ನಾಯಕರು ಯೋಚಿಸುವಾಗ ಉಳಿದವರಿಗೆ ಬೇಸರ ಬರುತ್ತದೆ, ಮರಳಿನ ಗಡಿಯಾರ ಅಥವಾ ಮೊಬೈಲ್‌ನಲ್ಲಿ ಎರಡು ನಿಮಿಷ ಇಟ್ಟುಕೊಳ್ಳಿ. ನಾಲ್ಕಕ್ಕಿಂತ ಕಮ್ಮಿ ಜನ ಇದ್ದರೆ ಈ ಆಟ ತೆಗೆಯಬೇಡಿ, ಸಪ್ಪೆ. ಎಂಟು ಜನ ಇದ್ದರೆ ಹಬ್ಬ.

ಕಾರವಾರದವರು ಊರಿಗೆ ಹೋದ ಮೇಲೆ ವಾಟ್ಸಾಪ್‌ನಲ್ಲಿ ನಲವತ್ತು ಪದದ ಪಟ್ಟಿ ಕಳಿಸಿದ್ದಾರೆ, ಕರಾವಳಿಯವು. ಅದರಲ್ಲಿ 'ಗಜನಿ' ಇತ್ತು. ಮಗನಿಗೆ ಅದು ಇತಿಹಾಸದ ಪಾಠದ ಗಜನಿ. ಅತ್ತೆಗೆ ಕುಮಟಾ ಕಡೆಯ ಉಪ್ಪುನೀರಿನ ಗದ್ದೆ, ಕಗ್ಗ ಭತ್ತ ಬೆಳೆಯುವಂಥದ್ದು. ಮಗಳು ಆಗಲೇ ಕತ್ತರಿ ತಗೊಂಡು ಕೂತಿದ್ದಾಳೆ, ಈ ವರ್ಷದ ಮದುವೆ ಕಾಗದ ಇನ್ನೂ ಹನ್ನೆರಡು ಉಳಿದಿವೆ.